ಅಮ್ಮನ ಮನೆಗೆ ಕ್ಯಾಮೆರಾ, ಸ್ಪೀಕರ್, ವಾಚ್, ಸೆನ್ಸರ್, ಬೆಲ್: ಉಳಿದದ್ದು ಎರಡೇ

ಸಾಗರದ ಹತ್ತಿರದ ಹಳ್ಳಿಯಲ್ಲಿ ಅಮ್ಮ ಒಬ್ಬಳೇ ಇದ್ದಾಳೆ. ವಯಸ್ಸು 76. ನಾನು ಬೆಂಗಳೂರಿನಲ್ಲಿ, ಒಂದು ರಾತ್ರಿ ಬಸ್ಸಿನ ದೂರ. ಇಲ್ಲಿಗೆ ಬಂದುಬಿಡು ಅಂದರೆ "ನಿಮ್ಮ ಅಪಾರ್ಟ್‌ಮೆಂಟಲ್ಲಿ ಬೆಳಿಗ್ಗೆ ಎದ್ದು ನಾನೇನು ಮಾಡ್ಲಿ?" ಅಂತಾಳೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಹೋದ ವರ್ಷ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಏಳಲಾಗದೆ ಅರ್ಧ ಗಂಟೆ ಅಲ್ಲೇ ಕೂತಿದ್ದಳಂತೆ. ನನಗೆ ಗೊತ್ತಾದದ್ದು ಮೂರು ದಿನ ಬಿಟ್ಟು, ಅದೂ ಪಕ್ಕದ ಮನೆ ಅಕ್ಕ ಬಾಯಿಬಿಟ್ಟಿದ್ದರಿಂದ. ಅಲ್ಲಿಂದ ಶುರುವಾಯಿತು ನನ್ನ ಖರೀದಿ. ಒಂದು ವರ್ಷದಲ್ಲಿ ಐದು ಬಗೆ ಸಾಮಾನು ಹಾಕಿ ನೋಡಿದೆ. ಎಲ್ಲದಕ್ಕೂ ಕೇಳಿದ ಪ್ರಶ್ನೆ ಒಂದೇ: ಅಮ್ಮ ಮತ್ತೆ ಬಚ್ಚಲಲ್ಲಿ ಬಿದ್ದರೆ ಇದು ಏನು ಮಾಡುತ್ತದೆ?

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದನ್ನು ಬಚ್ಚಲಲ್ಲಿ ಇಡೋಕಾಗಲ್ಲ, ಅಲ್ವಾ? ಜಗಲಿಯಲ್ಲಿ ಹಾಕಿದೆ. ನಾಲ್ಕನೇ ದಿನ ನೋಡಿದರೆ ಪರದೆ ಪೂರ್ತಿ ಕೆಂಪು ಚೌಕುಳಿ. ಅಮ್ಮ ಅದರ ಮೇಲೆ ಪಾಣಿಪಂಚೆ ಹೊದಿಸಿದ್ದಳು. "ನೋಡ್ಬೇಕು ಅನ್ಸಿದ್ರೆ ಬಂದು ನೋಡು ಮಾರಾಯ್ತಿ. ಗೋಡೆ ಮೇಲಿಂದ ಇಣುಕೋದು ಯಾಕೆ?" ಅಂದಳು. ಬಿಚ್ಚಿ ತಂದೆ.

ಮಾತಾಡುವ ಸ್ಪೀಕರ್ ಅವಳಿಗೆ ಇಷ್ಟವೇ ಆಯಿತು. ಆದರೆ ನಾನು ತಂದದ್ದಕ್ಕೆ ಆಜ್ಞೆ ಕೊಡಬೇಕಾದರೆ ಇಂಗ್ಲಿಷ್ ಅಥವಾ ಹಿಂದಿ. ಅಮ್ಮ ಅದರ ಮುಂದೆ ನಿಂತು "ಒಂದು ದೇವರನಾಮ ಹಾಕಮ್ಮ" ಅಂತ ಮರ್ಯಾದೆಯಿಂದ ಕೇಳುತ್ತಿದ್ದಳು. ಅದು ಸುಮ್ನೆ ಕೂತಿರುತ್ತಿತ್ತು. ಬಿಪಿ ಮಾತ್ರೆ ನೆನಪಿಸುವ ಕೆಲಸವನ್ನು ಮಾತ್ರ ಸರಿಯಾಗಿ ಮಾಡಿತು. ರಾತ್ರಿ ಎಂಟಕ್ಕೆ ಇಂಗ್ಲಿಷಲ್ಲಿ ಏನೋ ಅಂದರೆ ಮಾತ್ರೆ ಹೊತ್ತಾಯಿತು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಬಚ್ಚಲಿಂದ ಕೂಗಿದರೆ? ನಾನೇ ಹೋಗಿ ಕೂಗಿ ನೋಡಿದೆ. ನಡುವೆ ಎರಡು ಮಣ್ಣಿನ ಗೋಡೆ. ಕೇಳಿಸಲೇ ಇಲ್ಲ.

ಮೂರನೆಯದು ವಾಚ್. ಬಿದ್ದರೆ ತಾನೇ ಪತ್ತೆ ಹಚ್ಚಿ ಫೋನ್ ಮಾಡುವಂಥದ್ದು. ಆಪಲ್ ವಾಚ್‌ನಲ್ಲಿ ಈ ಸೌಲಭ್ಯ 2018ರ ನಾಲ್ಕನೇ ಸರಣಿಯಿಂದಲೇ ಇದೆ, ಆದರೆ ಅದಕ್ಕೆ ಐಫೋನ್ ಬೇಕು. ಅಮ್ಮನದು ಆಂಡ್ರಾಯ್ಡ್. ಹಾಗಾಗಿ ಬೇರೆಯದು ತಂದೆ. 20,000 ರೂಪಾಯಿ ದಾಟಿತು. ಕಾಗದದ ಮೇಲೆ ನೋಡಿದರೆ ಐದರಲ್ಲಿ ಇದೇ ಗೆಲ್ಲಬೇಕು. ಪ್ರಜ್ಞೆ ತಪ್ಪಿ ಬಿದ್ದರೂ ಸುದ್ದಿ ಮುಟ್ಟಿಸುವುದು ಇದೊಂದೇ.

ಮೊದಲ ವಾರ ಆಫೀಸಿನಲ್ಲಿ ಮೀಟಿಂಗ್‌ನಲ್ಲಿದ್ದೆ. "ಬಿದ್ದಿದ್ದಾರೆ" ಅಂತ ಮೆಸೇಜು ಬಂತು. ಎದೆ ಧಸಕ್ಕೆಂದಿತು. ಓಡಿ ಹೊರಗೆ ಬಂದು ಫೋನ್ ಮಾಡಿದರೆ ಅಮ್ಮ ಏದುಸಿರು ಬಿಡುತ್ತಾ "ಬಟ್ಟೆ ಒಗೀತಿದ್ದೆ" ಅಂದಳು. ಒಗೆಯುವ ಕಲ್ಲಿನ ಮೇಲೆ ಬೆಡ್‌ಶೀಟು ಎತ್ತಿ ಬಡಿದದ್ದನ್ನು ವಾಚು ಬಿದ್ದದ್ದು ಅಂದುಕೊಂಡಿತ್ತು. ಹೀಗೆ ಮೂರು ಸಲ ಆಯಿತು. ತೋಟಕ್ಕೆ ಹೋದರೆ ಫೋನ್ ಮನೆಯಲ್ಲೇ ಇರುತ್ತದೆ. ಬ್ಲೂಟೂತ್ ಅಷ್ಟು ದೂರ ಮುಟ್ಟುವುದಿಲ್ಲ, ವಾಚು ಅಲ್ಲಿ ಬರೀ ಗಡಿಯಾರ. ದಿನಾ ಚಾರ್ಜಿಗೂ ಇಡಬೇಕು. ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ಸ್ನಾನಕ್ಕೆ ಹೋಗುವಾಗ ಅಮ್ಮ ವಾಚು ಬಿಚ್ಚಿ ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದಳು. "ನೀರಿಗೆ ಏನೂ ಆಗಲ್ಲ ಅಮ್ಮ" ಅಂತ ಎಷ್ಟು ಹೇಳಿದರೂ, ಅಷ್ಟು ದುಡ್ಡಿನ ಸಾಮಾನನ್ನು ನೀರಲ್ಲಿ ಅದ್ದೋಕೆ ಅವಳಿಗೆ ಮನಸ್ಸು ಬರಲಿಲ್ಲ. ಎಲ್ಲಿ ಬೇಕೋ ಅಲ್ಲೇ ಅದು ಕೈಯಲ್ಲಿ ಇಲ್ಲ.

ಬಾಗಿಲಿನ ಸೆನ್ಸರ್ ಇದಕ್ಕೆ ಪೂರ್ತಿ ಉಲ್ಟಾ. 1,100 ರೂಪಾಯಿ. ಒಂದು ತುಂಡು ಚೌಕಟ್ಟಿಗೆ, ಅಯಸ್ಕಾಂತ ಇರುವ ಇನ್ನೊಂದು ತುಂಡು ಬಾಗಿಲಿಗೆ. ಎರಡೂ ದೂರವಾದರೆ ನನ್ನ ಫೋನಿಗೆ ಸುದ್ದಿ. ಅಮ್ಮ ಏನೂ ಕಲಿಯಬೇಕಿಲ್ಲ, ಏನೂ ತೊಡಬೇಕಿಲ್ಲ. ಬೆಳಿಗ್ಗೆ ಐದೂವರೆಗೆ ಹೂವು ಕೊಯ್ಯಲು ಹಿಂದಿನ ಬಾಗಿಲು ತೆಗೆಯುತ್ತಾಳೆ. ನಾನು ಹಾಸಿಗೆಯಲ್ಲೇ ಫೋನ್ ನೋಡಿ ಮಗ್ಗುಲು ಬದಲಿಸುತ್ತೇನೆ. ವಾಚು ಯಾವತ್ತೂ ಕೊಡದ ನೆಮ್ಮದಿ ಇದು.

ಇದರಲ್ಲೂ ಒಂದು ಗುಟ್ಟಿದೆ. ನಾನು ತಂದ ಸೆನ್ಸರ್ ಬಾಗಿಲು ತೆಗೆದರೆ ಹೇಳುತ್ತದೆ, ತೆಗೆಯದಿದ್ದರೆ ಹೇಳುವುದಿಲ್ಲ. ಬಾರದ ಮೆಸೇಜನ್ನು ಗಮನಿಸುವುದು ನಮ್ಮ ಕೆಲಸ. ಏಳು ಗಂಟೆಗೆ ಅಲಾರಾಂ ಇಟ್ಟುಕೊಂಡು ನೋಡುತ್ತೇನೆ. ಒಂದು ದಿನ ಏಳಾದರೂ ಸುದ್ದಿ ಇಲ್ಲ. ಅಮ್ಮ ಫೋನೂ ಎತ್ತಲಿಲ್ಲ. ಪಕ್ಕದ ಮನೆ ಅಕ್ಕನನ್ನು ಓಡಿಸಿದೆ. ಅಮ್ಮ ದೋಸೆ ಹೊಯ್ಯುತ್ತಿದ್ದಳು. ಸತ್ತಿದ್ದು ಸೆನ್ಸರಿನ ನಾಣ್ಯದಂಥ ಸೆಲ್ಲು. ಈಗ ಯುಗಾದಿಗೆ ಮತ್ತು ದೀಪಾವಳಿಗೆ ಊರಿಗೆ ಹೋದಾಗ ತಪ್ಪದೆ ಬದಲಿಸುತ್ತೇನೆ.

ವೈಫೈ ಇಲ್ಲದೆ ಇದು ನಡೆಯುವುದಿಲ್ಲ. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಗಾಳಿಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಮನೆಯಲ್ಲಿ ಇನ್ವರ್ಟರ್ ಇತ್ತು, ಆದರೆ ರೂಟರ್ ಆ ಲೈನಿನಲ್ಲಿ ಇರಲಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಬದಲಿಸಿದೆ. ಏನು ತರುವ ಮುಂಚೆಯೂ ಇದನ್ನು ಮೊದಲು ನೋಡಿ. ಇಂಥ ಸೆನ್ಸರುಗಳಿಗೆ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈ ಬೇಕು ಅನ್ನುವುದೂ ನೆನಪಿರಲಿ.

ಆದರೆ ಬಚ್ಚಲಲ್ಲಿ ಬೆಳಿಗ್ಗೆ ಹತ್ತಕ್ಕೆ ಬಿದ್ದರೆ ಸೆನ್ಸರ್ ನನಗೆ ಹೇಳುವುದು ಮರುದಿನ. ಅದಕ್ಕೆ ಉತ್ತರ ಸಿಕ್ಕಿದ್ದು ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ: ವೈರ್ ಇಲ್ಲದ ಕಾಲಿಂಗ್ ಬೆಲ್, 650 ರೂಪಾಯಿ. ಬಟನ್ ಅಮ್ಮನ ಬಚ್ಚಲಲ್ಲಿ, ಬೆಲ್ ಪಕ್ಕದ ಮನೆಯಲ್ಲಿ! ವೈಫೈ ಬೇಡ, ಆ್ಯಪ್ ಬೇಡ. ಬಟನ್ನನ್ನು ಸ್ವಿಚ್‌ಬೋರ್ಡಿನ ಎತ್ತರಕ್ಕೆ ಹಾಕಿಸಲಿಲ್ಲ. ನಾನೇ ಒದ್ದೆ ನೆಲದಲ್ಲಿ ಕೂತು ಕೈ ಚಾಚಿ, ನೆಲದಿಂದ ಒಂದು ಗೇಣು ಮೇಲೆ ಅಂಟಿಸಿದೆ. ಬಿದ್ದವರ ಕೈ ಎಟುಕುವುದು ಅಷ್ಟೇ. ಕೊಳ್ಳುವಾಗ ನೀರು ತಡೆಯುವ ಬಟನ್ನು ಕೇಳಿ. ಪ್ಲಗ್ಗಿಗೆ ಹಾಕುವ ಬೆಲ್ ಬೇಡ, ಸೆಲ್ಲಿನದ್ದು ತನ್ನಿ, ಕರೆಂಟ್ ಹೋದರೂ ಬಡಿಯುತ್ತದೆ. ಡಬ್ಬಿಯ ಮೇಲೆ ನೂರು ಮೀಟರ್ ಅಂತ ಬರೆದಿರುತ್ತಾರೆ, ಗೋಡೆಗಳ ಲೆಕ್ಕ ಅದರಲ್ಲಿ ಇರುವುದಿಲ್ಲ. ನಮ್ಮದು ಮೂವತ್ತು ಮೀಟರಿಗೆ ಸರಿಯಾಗಿದೆ. ಪ್ರಜ್ಞೆ ತಪ್ಪಿದರೆ ಇದು ಪ್ರಯೋಜನವಿಲ್ಲ, ಒಪ್ಪಿದೆ. ಪಕ್ಕದಲ್ಲಿ ಒಳ್ಳೆಯ ಮನೆ ಇಲ್ಲದವರಿಗೂ ಇದು ಆಗುವುದಿಲ್ಲ. ಅಂಥವರು ಬೈಯ್ದಾದರೂ ವಾಚನ್ನೇ ರೂಢಿ ಮಾಡಿಸಬೇಕು.

ಹೋದ ತಿಂಗಳು ಮತ್ತೆ ಏಳಾದರೂ ಬಾಗಿಲಿನ ಸುದ್ದಿ ಇಲ್ಲ. ಸೆಲ್ಲು ಹೊಸದು. ಗಾಬರಿಯಲ್ಲಿ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಹೂವು ಕೊಯ್ಯೋಕೆ ಹೋಗ್ಲಿಲ್ವಾ?"

"ಹೋಗಿದ್ದೆ. ಮುಂದಿನ ಬಾಗಿಲಿಂದ ಹೋದೆ. ನೀನು ಫೋನ್ ಮಾಡಿ ನಾಲ್ಕು ದಿನ ಆಗಿತ್ತು."