ಮನೆಬಳಕೆಯ ಬಿಪಿ ಯಂತ್ರ: ಕೊಳ್ಳುವ ಮುನ್ನ ತೋಳಿನ ಅಳತೆ ತೆಗೆಯಿರಿ

ಮೆಡಿಕಲ್ ಶಾಪ್‌ಗಳಲ್ಲಿ 2000 ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಡಿಜಿಟಲ್ ಬಿಪಿ ಯಂತ್ರವನ್ನು ನಮ್ಮ ಮನೆಯಲ್ಲಿ ಕೆಲಕಾಲದಿಂದ ಬಳಸುತ್ತಿದ್ದೇವೆ. ಈ ದರದ ಯಂತ್ರಗಳ ರಚನೆ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಕಂಪನಿಯ ಹೆಸರು ಬಿಟ್ಟು ಯಂತ್ರದ ಬಗೆಯನ್ನೇ ವಿಮರ್ಶಿಸುತ್ತೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಆಸ್ಪತ್ರೆಯ ಖರ್ಚನ್ನು ದೂರವಿಡಲು ಒಂದು ಕುಟುಂಬ ಮಾಡಬಹುದಾದ ಖರೀದಿಗಳಲ್ಲಿ ಇಷ್ಟು ಅಗ್ಗವೂ ಉಪಯುಕ್ತವೂ ಆದದ್ದು ಬೇರೆ ನನಗೆ ಕಂಡಿಲ್ಲ. ಆದರೆ ಬಳಸುವ ಕ್ರಮ ತಪ್ಪಿದರೆ ಅದು ತೋರಿಸುವ ಅಂಕಿಗೆ ಬೆಲೆಯಿಲ್ಲ.

ಖರ್ಚಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5ರಷ್ಟು ಜನರಿಗೆ ಅಧಿಕ ರಕ್ತದೊತ್ತಡವಿದೆ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿಪಿ ಎಂದು ನಂಬಿರುವವರು ಬಹಳ ಮಂದಿ. ವಾಸ್ತವದಲ್ಲಿ ಅದು ಹೆಚ್ಚಿನವರಲ್ಲಿ ಯಾವ ಸುಳಿವನ್ನೂ ಕೊಡದೆ ವರ್ಷಗಟ್ಟಲೆ ಇದ್ದು, ಕೊನೆಗೆ ಲಕ್ವ, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯವಾಗಿ ಪ್ರಕಟಗೊಳ್ಳುತ್ತದೆ. ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಬೇಕಾದ ಮನೆಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತವಾಗಿ ದೊರೆತರೂ, ಪ್ರಯಾಣದ ಖರ್ಚು ಮತ್ತು ರೋಗಿಯ ಜೊತೆ ಹೋಗುವವರ ಕೂಲಿ ನಷ್ಟ ತಪ್ಪುವುದಿಲ್ಲ. ಆರೋಗ್ಯ ವಿಮೆ ಇದೆಯಲ್ಲ ಎನ್ನುವವರು ತಮ್ಮ ಪಾಲಿಸಿಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಪಾಲಿಸಿ ಆಸ್ಪತ್ರೆಗೆ ದಾಖಲಾದಾಗಿನ ಖರ್ಚನ್ನು ಭರಿಸುತ್ತದೆಯೇ ಹೊರತು ತಿಂಗಳು ತಿಂಗಳಿನ ಮಾತ್ರೆಯನ್ನಲ್ಲ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸುವ ಅವಕಾಶವೂ ವಿಮಾ ಕಂಪನಿಗಳಿಗಿದೆ.

ಇನ್ನು ಯಂತ್ರದ ವಿಷಯ. ವೈದ್ಯರು ಸ್ಟೆತೋಸ್ಕೋಪ್ ಇಟ್ಟು ಸದ್ದು ಆಲಿಸುವ ವಿಧಾನಕ್ಕಿಂತ ಇದರದು ಬೇರೆ. ಪಟ್ಟಿಯಲ್ಲಿ ಗಾಳಿ ತುಂಬಿ, ಅದನ್ನು ನಿಧಾನವಾಗಿ ಬಿಡುವಾಗ ನಾಡಿಯ ಬಡಿತ ಪಟ್ಟಿಯಲ್ಲಿ ಉಂಟುಮಾಡುವ ಕಂಪನವನ್ನು ಗ್ರಹಿಸಿ ಇದು ಒತ್ತಡವನ್ನು ಲೆಕ್ಕಹಾಕುತ್ತದೆ. ಆದ್ದರಿಂದಲೇ ಪಟ್ಟಿಯ ಅಳತೆ ಮುಖ್ಯ. ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಬರುವ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ ಮಾತ್ರ ಸರಿ. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಅಂಗಡಿಯವರು ಇದನ್ನು ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ದೊಡ್ಡ ಪಟ್ಟಿ ಬೇಕೆಂದರೆ ತರಿಸಿಕೊಡಬೇಕು ಎನ್ನುತ್ತಾರೆ. ದರ್ಜಿಯ ಟೇಪಿನಿಂದ ತೋಳಿನ ನಡುಭಾಗವನ್ನು ಅಳೆದುಕೊಂಡು ಹೋಗಿ. ಮಣಿಕಟ್ಟಿಗೆ ಕಟ್ಟುವ ಸಣ್ಣ ಯಂತ್ರ ನೋಡಲು ಚೆಂದ, ಆದರೆ ಕೈಯ ಎತ್ತರ ಕೊಂಚ ಬದಲಾದರೂ ಅದರ ಅಂಕಿ ಬದಲಾಗುತ್ತದೆ. ಅದನ್ನು ನಾನು ಶಿಫಾರಸು ಮಾಡಲಾರೆ.

ಕೂರುವ ರೀತಿಯ ಬಗ್ಗೆ ಕೈಪಿಡಿ ಹೇಳುವುದನ್ನು ಯಾರೂ ಓದುವುದಿಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾಗಿರಬೇಕು, ಮೂತ್ರವಿಸರ್ಜನೆ ಆಗಿರಬೇಕು, ಬೆನ್ನಿಗೆ ಆಸರೆ ಕೊಟ್ಟು ಪಾದಗಳನ್ನು ನೆಲಕ್ಕೂರಿ 5 ನಿಮಿಷ ಸುಮ್ಮನೆ ಕುಳಿತಿರಬೇಕು, ಪಟ್ಟಿ ಬಟ್ಟೆಯಿಲ್ಲದ ಬರಿ ತೋಳಿನ ಮೇಲೆ ಎದೆಯ ಮಟ್ಟಕ್ಕಿರಬೇಕು. ತೋಳನ್ನು ಮೇಜಿನ ಮೇಲಿಡದೆ ತೊಡೆಯ ಮೇಲಿಟ್ಟರೆ ಬಿಪಿಯ ಮೇಲಿನ ಅಂಕಿ (120/80 ಎಂಬಲ್ಲಿ 120) ಸುಮಾರು 4, ಜೋತುಬಿಟ್ಟರೆ 6.5ರಷ್ಟು ಹೆಚ್ಚಾಗಿ ಬರುತ್ತದೆಂದು 2024ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ತೋರಿಸಿದರು. ನಮ್ಮಲ್ಲಿ ಊಟದ ಮೇಜಿನ ಮೇಲೆ ಮಡಿಸಿದ ಟವೆಲ್ ಇಟ್ಟರೆ ಅಮ್ಮನ ತೋಳು ಸರಿಯಾದ ಎತ್ತರಕ್ಕೆ ಬರುತ್ತದೆ. ಕಷ್ಟವಾದದ್ದು ಅವರನ್ನು ಮಾತಾಡದಂತೆ ಕೂರಿಸುವುದು: ಯಂತ್ರ ಗುಂಯ್ ಎನ್ನತೊಡಗಿದಾಗಲೇ ಅವರಿಗೆ ಒಲೆಯ ಮೇಲಿನ ಹಾಲಿನ ನೆನಪಾಗುತ್ತದೆ. ಅಪ್ಪನ ಅಭ್ಯಾಸ ಇನ್ನೊಂದು ಬಗೆಯದು. ಅಂಕಿ ಹಿಡಿಸದಿದ್ದರೆ "ಇನ್ನೊಂದ್ಸಲ ನೋಡೋ" ಎನ್ನುತ್ತಾರೆ, ಹಿಡಿಸುವವರೆಗೂ. ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ನೋಡಿ ಎರಡನ್ನೂ ಬರೆಯುವುದೇ ಸರಿಯಾದ ಕ್ರಮ. ವಾರವಿಡೀ ಬೆಳಿಗ್ಗೆ ಮತ್ತು ಸಂಜೆ ಹೀಗೆ ನೋಡಿ, ಮೊದಲ ದಿನದ್ದನ್ನು ಬಿಟ್ಟು, ಉಳಿದವುಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಬಳಿ ಹೋಗಬೇಕು.

ಯಂತ್ರ ತಾನಾಗಿ ಯಾವ ರೋಗವನ್ನೂ ತಡೆಯುವುದಿಲ್ಲ ಎಂಬುದು ನಿಜ. ಆದರೆ ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ ಮಾತಿಗೂ ಅಡುಗೆಮನೆಗೂ ನಡುವಿನ ಸಂಬಂಧವನ್ನು ಅದು ಕಣ್ಣಿಗೆ ಕಾಣಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. "ಉಪ್ಪಿಗಿಂತ ರುಚಿಯಿಲ್ಲ" ಎಂದು ಗಾದೆ ಕಟ್ಟಿದ ನಮ್ಮ ಊಟದಲ್ಲಿ ಸಾರು, ಪಲ್ಯದ ಉಪ್ಪು ಒಂದೆಡೆಯಾದರೆ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯ ಉಪ್ಪು ಯಾರ ಲೆಕ್ಕಕ್ಕೂ ಸಿಗದೆ ಹೊಟ್ಟೆ ಸೇರುತ್ತದೆ. ಇವನ್ನು ಹಬ್ಬಕ್ಕೆ ಮೀಸಲಿಟ್ಟು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದು, ತೂಕವನ್ನು ಇಳಿಸಿಕೊಂಡರೆ (ಒಂದು ಕಿಲೋ ಇಳಿದರೆ ಬಿಪಿಯ ಮೇಲಿನ ಅಂಕಿ ಸರಿಸುಮಾರು ಒಂದರಷ್ಟು ಇಳಿಯುತ್ತದೆ) ಮಾತ್ರೆಯ ಹಂತ ತಲುಪದವರು ಅದನ್ನು ಮುಂದೂಡಬಹುದು. ನಮ್ಮ ಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈ ಅಂಕಿಗಳನ್ನೂ ಬರೆಯುತ್ತೇವೆ. ನಡಿಗೆ ತಪ್ಪಿದ ವಾರಗಳನ್ನು ಅಲ್ಲಿ ಯಾರು ಬೇಕಾದರೂ ಗುರುತಿಸಬಹುದು.

ಕೊರತೆಗಳೂ ಇವೆ. ಅಗ್ಗದ ಮಾದರಿ ಹಿಂದಿನ ಒಂದೇ ಅಳತೆಯನ್ನು ನೆನಪಿಡುತ್ತದೆ, ಅಡಾಪ್ಟರ್ ಬೇರೆ ಕೊಳ್ಳಬೇಕು, ಸೆಲ್ ಮುಗಿಯತೊಡಗಿದಾಗ ಪಟ್ಟಿ ಅರ್ಧಕ್ಕೇ ನಿಂತುಬಿಡುತ್ತದೆ. ಹೃದಯಬಡಿತದ ಲಯ ತಪ್ಪಿರುವವರಲ್ಲಿ ಇದರ ಅಂಕಿಯನ್ನು ನಂಬಲಾಗದು. ಅಳತೆ ಚೆನ್ನಾಗಿ ಬಂತೆಂದು ಮಾತ್ರೆಯನ್ನು ತಾವೇ ನಿಲ್ಲಿಸುವವರ ಕೈಗಂತೂ ಇದನ್ನು ಕೊಡಲೇಬಾರದು. ಅಂಕಿ ಇಳಿದಿರುವುದು ಆ ಮಾತ್ರೆಯಿಂದಲೇ. ಮಾತ್ರೆ ದುಬಾರಿಯೆನಿಸಿದರೆ ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗಬಹುದು, ವಿಚಾರಿಸಿ. ಯಂತ್ರ ಕೊಂಡ ಮೇಲೆ ಒಮ್ಮೆ ಅದನ್ನು ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಒಯ್ದು, ಅಲ್ಲಿನ ಉಪಕರಣದ ಅಳತೆಯೊಂದಿಗೆ ತಾಳೆ ನೋಡಿ. ಅಲ್ಲಿ ಬಿಪಿ, ಶುಗರ್ ಪರೀಕ್ಷೆ ಉಚಿತವಾಗಿರುವುದರಿಂದ, ಒಬ್ಬರೇ ಇದ್ದು ಬಿಪಿಯೂ ಸಹಜವಾಗಿಯೇ ಇರುವವರು ಯಂತ್ರವನ್ನು ಕೊಳ್ಳದೆ ವರ್ಷಕ್ಕೊಮ್ಮೆ ಅಲ್ಲಿಗೇ ಹೋಗಿಬಂದರೂ ನಡೆದೀತು.