ಚಳಿಗೆ ಸ್ಟಾರ್ಟ್ ಆಗದ ಹಳೇ ಗಾಡಿಗೆ ಸುಮ್ನೆ ರೇಸ್ ಏರಿಸಿಕೊಂಡು ಘಾಟಿ ಇಳಿಯಬೇಡಿ

ಕೊಡಗಿನಲ್ಲಿ ಇನ್ನೂ ಕಾರ್ಬೊರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಗಾಡಿ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಹಳೇ ಜಿಪ್ಸಿ, ಮಾರುತಿ 800, ಪ್ರೀಮಿಯರ್ ಪದ್ಮಿನಿ, ಯಾವುದೇ ಇರಲಿ.

ನಮ್ಮದು ಹಳೇ ಜಿಪ್ಸಿ. ಡಿಸೆಂಬರ್ ಬಂದ ಮೇಲೆ ಬೆಳಿಗ್ಗೆ ಚೋಕ್ (ಗಾಳಿ ತಗ್ಗಿಸಿ ಪೆಟ್ರೋಲ್ ಜಾಸ್ತಿ ಕೊಡುವ ಗುಬ್ಬಿ) ಎಳೆದರೆ ಸ್ಟಾರ್ಟ್ ಆಗುತ್ತಿತ್ತು, ಚೋಕ್ ಒಳಗೆ ತಳ್ಳಿದ ಕೂಡಲೇ ಆಫ್. ಎಂಜಿನ್ ಬಿಸಿಯಾದ ಮೇಲೂ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ತುಳಿಯದೆ ಸುಮ್ಮನೆ ಓಡುವಾಗ, ನಡುಗುತ್ತಿತ್ತು. ಮಡಿಕೇರಿಯ ಒಂದು ಗ್ಯಾರೇಜಿಗೆ ಕೊಟ್ಟೆವು. ಕಾರ್ಬೊರೇಟರ್ ಬಿಚ್ಚಿ ತೊಳೆದರು, ಪ್ಲಗ್ ಬದಲಾಯಿಸಿದರು. ಆದರೂ ಸರಿಹೋಗದಿದ್ದಾಗ ಐಡ್ಲಿಂಗ್ ವೇಗ (ರೇಸ್) ಹೊಂದಿಸುವ ಐಡಲ್ ಸ್ಕ್ರೂ ತಿರುಗಿಸಿ, "ರೇಸ್ ಸ್ವಲ್ಪ ಏರಿಸಿದ್ದೀನಿ ಸಾರ್, ಇನ್ನು ಆಫ್ ಆಗಲ್ಲ" ಅಂದರು. ನಿಜ, ಆಫ್ ಆಗಲಿಲ್ಲ.

ಆ ವಾರವೇ ಸುಳ್ಯಕ್ಕೆ ಹೊರಟೆವು. ತಮ್ಮ ಓಡಿಸುತ್ತಿದ್ದ, ಹಿಂದೆ ಅತ್ತೆ ಕೂತಿದ್ದರು. ಮದೆನಾಡು ದಾಟಿ ಜೋಡುಪಾಲದ ಕಡೆ ಘಾಟಿ ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೂ ಗಾಡಿ ಮುಂದಕ್ಕೇ ತಳ್ಳುತ್ತಿತ್ತು. ರೇಸ್ ಏರಿಸಿದ್ದರಿಂದ ಗೇರಿನ ಹಿಡಿತ ಕಡಿಮೆಯಾಗಿತ್ತು. ಪ್ರತಿ ತಿರುವಿಗೂ ಬ್ರೇಕ್ ಬೇಕಾಯಿತು. ಸುಟ್ಟ ವಾಸನೆ ಬರತೊಡಗಿತು. ಒಂದು ತಿರುವಿನಲ್ಲಿ ತಮ್ಮ, "ಅಣ್ಣಾ, ಪೆಡಲ್ ಕಲ್ಲಾಗಿದೆ, ಒಳಗೆ ಹೋಗ್ತಾ ಇಲ್ಲ" ಅಂದ. ಪೂರ್ತಿ ಬಲ ಹಾಕಿ ತುಳಿದು, ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದ. ಇನ್ನೊಂದು ಬದಿಯಲ್ಲಿ ಏನಿದೆ ಅಂತ ಆ ರಸ್ತೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ.

ಬಾನೆಟ್ ಎತ್ತಿ ನೋಡಿದರೆ ಎಂಜಿನ್ನಿನ ಮ್ಯಾನಿಫೋಲ್ಡ್‌ನಿಂದ (ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆ) ಬ್ರೇಕ್ ಬೂಸ್ಟರ್‌ಗೆ (ಪೆಡಲ್ ತುಳಿಯುವುದನ್ನು ಹಗುರ ಮಾಡುವ ಭಾಗ) ಹೋಗುವ ದಪ್ಪ ರಬ್ಬರ್ ಪೈಪ್ ಕ್ಲಿಪ್ಪಿನ ಹತ್ತಿರ ಸೀಳಿಹೋಗಿತ್ತು. 'ಸುಯ್' ಅಂತ ಗಾಳಿ ಎಳೆಯುವುದು ಕೇಳುತ್ತಿತ್ತು. ಸೀಳಿನ ಮೇಲೆ ಬೆರಳು ಒತ್ತಿ ಹಿಡಿದೆ. ನಡುಗುತ್ತಿದ್ದ ಎಂಜಿನ್ ತಕ್ಷಣ ಸಮವಾಗಿ ಓಡತೊಡಗಿತು, ರೇಸ್ ಇನ್ನೂ ಏರಿತು.

ಅಂದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ, ಬ್ರೇಕ್ ತೊಂದರೆ ಎರಡಕ್ಕೂ ಕಾರಣ ಒಂದೇ. ಪೈಪಿನ ಸೀಳಿನಿಂದ ಹೆಚ್ಚುವರಿ ಗಾಳಿ ನುಗ್ಗಿದರೆ ಪೆಟ್ರೋಲ್ ಸಾಲುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿ ಬೇಕು, ಅದಕ್ಕೇ ಚೋಕ್ ಇದ್ದಾಗ ಮಾತ್ರ ಓಡುತ್ತದೆ. ಬೂಸ್ಟರ್‌ಗೆ ಬೇಕಾದ ವ್ಯಾಕ್ಯೂಮ್ (ಎಂಜಿನ್ ಗಾಳಿ ಎಳೆಯುವುದರಿಂದ ಆಗುವ ನಿರ್ವಾತ) ಕೂಡ ಅದೇ ಸೀಳಿನಲ್ಲಿ ಹೋಗಿಬಿಡುತ್ತದೆ. ರೇಸ್ ಏರಿಸಿದಾಗ ಆಫ್ ಆಗುವುದು ನಿಲ್ಲುತ್ತದೆ, ಸೀಳು ಹಾಗೇ ಇರುತ್ತದೆ. ಇದೊಂದು ಪೈಪ್ ನೋಡದೆ ಗಾಡಿ ಕೊಟ್ಟರಲ್ಲ, ಅದಕ್ಕೆ ನನಗೆ ಈಗಲೂ ಸಿಟ್ಟು ಇದೆ.

ಚೋಕ್ ತಳ್ಳಿದಾಗ ಗಾಡಿ ಆಫ್ ಆಗುತ್ತಿದ್ದರೆ ಸ್ಕ್ರೂ ಮುಟ್ಟಲು ಬಿಡಬೇಡಿ. ಮೊದಲು ಎಲ್ಲ ವ್ಯಾಕ್ಯೂಮ್ ಪೈಪ್, ಕಾರ್ಬೊರೇಟರ್ ಕೆಳಗಿನ ಗ್ಯಾಸ್ಕೆಟ್ ನೋಡಿಸಿ. ನಿಮ್ಮ ಗಾಡಿಯಲ್ಲಿ ಬೂಸ್ಟರ್ ಇದ್ದರೆ ಅದರ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಎಂಜಿನ್ ಆಫ್ ಇರುವಾಗ ಬ್ರೇಕ್ ನಾಲ್ಕೈದು ಸಲ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ, ಅದರಲ್ಲೂ ಘಾಟಿಗೆ ಬೇಡವೇ ಬೇಡ. ಸ್ಟಾರ್ಟ್ ಆಗಲಿ ಅಂತ ಕೆಲವರು ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿಯುತ್ತಾರೆ. ಬ್ಯಾಕ್‌ಫೈರ್ ಆದರೆ ಬೆಂಕಿ ಮುಖಕ್ಕೇ ಬರುತ್ತದೆ, ಅದಂತೂ ಬೇಡ.

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ನಮ್ಮ ಕಾಲದ ಗಾಡಿಗಳ ರಬ್ಬರ್ ಅದಕ್ಕೆ ಅಂತ ಮಾಡಿದ್ದಲ್ಲ. ಹಾಗಾಗಿ ಪೆಟ್ರೋಲ್ ಪೈಪನ್ನೂ ಜೊತೆಗೇ ನೋಡಿಸಿ. ಬೂಸ್ಟರ್ ಪೈಪ್ ತರುವಾಗ ಬ್ರೇಕ್ ಬೂಸ್ಟರ್‌ದೇ ಬೇಕು ಅಂತ ಕೇಳಿ ತನ್ನಿ. ಸಾದಾ ಪೈಪ್ ಹಾಕಿದರೆ ವ್ಯಾಕ್ಯೂಮ್ ಎಳೆತಕ್ಕೆ ಚಪ್ಪಟೆಯಾಗಬಹುದು. ಹಳೇ ಪೈಪಿನಲ್ಲಿ ಒನ್‌ವೇ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಇದ್ದರೆ ಅದನ್ನು ಎಸೆಯದೆ, ಇದ್ದ ದಿಕ್ಕಿಗೇ ಹೊಸದರಲ್ಲಿ ಕೂರಿಸಬೇಕು.