ವೆಲ್ಲೂರಿನ ಅಡುಗೆ ರೂಮಿನ ಲಾಡ್ಜ್: ಅಮ್ಮನ ಆಪರೇಷನ್‌ಗೆ ಹೋದಾಗ ನಾವು ಉಳಿದ ಜಾಗ

ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) ಆಸ್ಪತ್ರೆಗೆ ಹೋಗುವವರು ಮೊದಲು ಕೇಳುವುದೇ ಎಲ್ಲಿ ಉಳಿದುಕೊಳ್ಳೋದು ಅಂತ. ಅಮ್ಮನ ಹಾರ್ಟ್ ಆಪರೇಷನ್‌ಗೆ ಹಾಸನದಿಂದ ನಾನು, ತಮ್ಮ ಹೋಗಿದ್ದೆವು. ನಾವಿದ್ದ ಲಾಡ್ಜ್ ಗಾಂಧಿ ರೋಡಿಗೆ ಹತ್ತಿರದ ಒಂದು ಗಲ್ಲಿಯಲ್ಲಿದೆ. ಹೆಸರು ಹಾಕುತ್ತಿಲ್ಲ. ಇರೋದೇ ಕೆಲವು ರೂಮು, ಫೋನ್ ಮಾಡಿದವರಿಗೆ ಇಲ್ಲ ಅನ್ನೋಕೆ ಸಂಕಟ ಆಗುತ್ತೆ ಅಂತ ಅಲ್ಲಿಯ ಆಂಟಿ ಹೇಳಿದ್ದರು. ಆದರೆ ಅಡುಗೆ ಮಾಡಿಕೊಳ್ಳೋಕೆ ಬಿಡುವ ಇಂಥ ರೂಮುಗಳು ಆ ಸುತ್ತಮುತ್ತ ತುಂಬ ಇವೆ, ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಮೊದಲು ತೊಂದರೆಗಳನ್ನೇ ಹೇಳಿಬಿಡುತ್ತೇನೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಹಾಗಾಗಿ ಪೇಷಂಟ್ ಜೊತೆಗಿದ್ದರೆ ಕೆಳಗಿನ ರೂಮನ್ನೇ ಕೇಳಿ. ನೀರು ಬೆಳಿಗ್ಗೆ ಸಂಜೆ ಮಾತ್ರ, ಬಕೆಟ್‌ನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಹಾಸಿಗೆ ತೆಳು. ಸೊಳ್ಳೆ ಜಾಸ್ತಿ.

ಒಲೆ, ಪಾತ್ರೆ ಬಾಡಿಗೆಗೆ ಸಿಗುತ್ತವೆ. ಒಂದು ರೂಮಿನ ಪಾತ್ರೆ ಇನ್ನೊಂದಕ್ಕೆ ಸೇರಬಾರದು ಅಂತ ಆಂಟಿ ಪ್ರತಿ ಪಾತ್ರೆಯ ತಳಕ್ಕೂ ಕೆಂಪು ನೈಲ್ ಪಾಲಿಶ್‌ನಲ್ಲಿ ರೂಮ್ ನಂಬರ್ ಬರೆದಿದ್ದಾರೆ. ಎಷ್ಟೋ ಸಲ ತಿಕ್ಕಿ ತೊಳೆದು ಅಳಿಸಿದ್ದು, ಅದರ ಮೇಲೇ ಮತ್ತೆ ಬರೆದದ್ದು. ಎಷ್ಟು ಊರಿನ ಜನ ಆ ಪಾತ್ರೆಯಲ್ಲಿ ಗಂಜಿ ಕಾಸಿದ್ದಾರೋ. ಪಕ್ಕದ ರೂಮಿನಲ್ಲಿ ಬಂಗಾಳದವರು, ಎದುರಿಗೆ ಜಾರ್ಖಂಡಿನ ದಂಪತಿ. ಮಧ್ಯಾಹ್ನ ಆದರೆ ಇಡೀ ಮಹಡಿ ಸಾಸಿವೆ ಎಣ್ಣೆ, ಮೀನಿನ ವಾಸನೆ.

ಆಂಟಿ ಮುಸ್ಲಿಮರು. ಅವರ ಉರ್ದು ನಮ್ಮ ಹಾಸನದ ಪೆನ್ಷನ್ ಮೊಹಲ್ಲಾದಲ್ಲಿ ಕೇಳುವ ಉರ್ದುವಿನ ಹಾಗೇ ಇತ್ತು, ತಮಿಳು ಬಾರದ ನಮಗೆ ಅದೇ ದೊಡ್ಡ ಆಸರೆ ಆಯಿತು. ಅಮ್ಮನಿಗೆ ಜ್ವರ ಬಂದು ಆಪರೇಷನ್ ಮುಂದಕ್ಕೆ ಹೋಯಿತು. ಬಾಡಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಮುಗಿಯುತ್ತಾ ಬಂತು. ತಮ್ಮ ಹೋಗಿ ವಿಷಯ ಹೇಳಿದಾಗ ಅವರು ಲೆಕ್ಕದ ಪುಸ್ತಕ ಮುಚ್ಚಿ ಡ್ರಾಯರ್‌ನೊಳಗೆ ಹಾಕಿದರು. "ಪೈಲೆ ಅಮ್ಮಾಕು ಅಚ್ಛಾ ಹೋನೆ ದೇವ್ ಬೇಟಾ, ಪೈಸೆ ಕಹಾಂ ಜಾತೆ" ಅಂದರು, ಅಂದರೆ ಮೊದಲು ಅಮ್ಮ ಹುಷಾರಾಗಲಿ ಮಗಾ, ದುಡ್ಡು ಎಲ್ಲಿ ಹೋಗುತ್ತೆ ಅಂತ. ಅಡ್ವಾನ್ಸ್ ಕೇಳಲಿಲ್ಲ, ಆಧಾರ್ ಕಾರ್ಡ್ ಹಿಡಿದಿಟ್ಟುಕೊಳ್ಳಲಿಲ್ಲ. ಆಪರೇಷನ್ ದಿನ ಬೆಳಿಗ್ಗೆ ಅಮ್ಮನ ಹೆಸರು ಕೇಳಿಕೊಂಡರು, ದುವಾ ಮಾಡೋಕೆ. ನಾವಿಬ್ಬರೂ ಊಟದ ನೆನಪೇ ಇಲ್ಲದೆ ಐಸಿಯು ಹೊರಗೆ ಕೂತಿದ್ದಾಗ ಅವರ ಮಗನ ಕೈಯಲ್ಲಿ ಡಬ್ಬಿ ಬಂತು. ಅನ್ನ, ತಿಳಿ ಸಾರು, ಒಂದು ಪೊಟ್ಟಣದಲ್ಲಿ ನಿಂಬೆ ಉಪ್ಪಿನಕಾಯಿ.

ಬೈಬಲಿನ ಲೂಕ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಮಾರ್ಯದವನ (ಯೆಹೂದ್ಯರು ಹೊರಗಿನವರು ಅಂತ ದೂರ ಇಟ್ಟಿದ್ದ ಜನ) ಕತೆ ನಮಗೆಲ್ಲ ಸಂಡೇ ಸ್ಕೂಲಿನಿಂದಲೇ ಬಾಯಿಪಾಠ. ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ ಕಳ್ಳರು ಹೊಡೆದು ಬಿಸಾಕಿದವನನ್ನು ಅವನು ಎತ್ತಿಕೊಂಡು ಬಂದ. ಆದರೆ ತಂದಿದ್ದು ಎಲ್ಲಿಗೆ? ಒಂದು ಛತ್ರಕ್ಕೆ. ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ವಾಪಸ್ ಬಂದಾಗ ಕೊಡ್ತೀನಿ ಅಂತ ಹೇಳಿ ಹೊರಟ. ಆ ಮಾತನ್ನು ನಂಬಿ ಗುರುತಿಲ್ಲದ ಗಾಯಾಳುವನ್ನು ಒಳಗೆ ಇಟ್ಟುಕೊಂಡವನು ಛತ್ರದವನು. ಆಮೇಲೆ ಗಾಯ ತೊಳೆದು, ಗಂಜಿ ಕೊಟ್ಟು, ರಾತ್ರಿ ಎದ್ದು ನೋಡಿದ್ದೂ ಅವನೇ ಇರಬೇಕು. ಅವನ ಬಗ್ಗೆ ಒಂದು ಪ್ರಸಂಗವನ್ನೂ ನಾನು ಚರ್ಚಿನಲ್ಲಿ ಕೇಳಿಲ್ಲ. ಆಂಟಿ ಪುಸ್ತಕ ಮುಚ್ಚಿದಾಗ ನನಗೆ ನೆನಪಾಗಿದ್ದು ಅವನೇ. ಯೇಸು ಆ ಕತೆಯಲ್ಲಿ ಅವನಿಗೂ ಜಾಗ ಕೊಟ್ಟಿದ್ದಾನೆ, ನಾವೇ ದಾಟಿಕೊಂಡು ಹೋಗುತ್ತೇವೆ.

ಇನ್ನೊಬ್ಬರ ಬಗ್ಗೆಯೂ ಹೇಳಬೇಕು. ರಕ್ತ ಕೊಡುವವರು ಬೇಕಾದಾಗ ನಮಗೆ ಆ ಊರಲ್ಲಿ ಯಾರೂ ಇರಲಿಲ್ಲ. ಪಕ್ಕದ ರೂಮಿನ ಬಂಗಾಳಿ ಹುಡುಗ, ತನ್ನ ಅಪ್ಪನ ಚಿಕಿತ್ಸೆಗೆ ಬಂದವನು, ಚಪ್ಪಲಿ ಹಾಕಿಕೊಂಡು ಸುಮ್ನೆ ನಮ್ಮ ಜೊತೆ ಹೊರಟ. ರಕ್ತ ಕೊಟ್ಟು, ಆಸ್ಪತ್ರೆಯವರು ಕೊಟ್ಟ ಬಿಸ್ಕತ್ತನ್ನು ಅಪ್ಪನಿಗೆ ಅಂತ ಜೇಬಿಗೆ ಹಾಕಿಕೊಂಡ. ಮಾರನೇ ದಿನ ನಾನು ಆಸ್ಪತ್ರೆಯಲ್ಲಿದ್ದಾಗ ಅವರು ರೈಲಿಗೆ ಹೊರಟುಬಿಟ್ಟಿದ್ದರು. ದೇವರಿಗೆ ದಿನವೂ ಸ್ತೋತ್ರ ಹೇಳುತ್ತೇನೆ, ಆದರೆ ಅವನ ಮುಖ ನೋಡಿ ಒಂದು ಮಾತು ಹೇಳಬೇಕಿತ್ತು ಅನ್ನೋದು ಬೇರೆಯೇ ಅಲ್ವಾ? ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ, ಅವನೂ ಸಮಾರ್ಯದವನು. ಮಿಕ್ಕ ಒಂಬತ್ತು ಜನ ಎಲ್ಲಿ ಅಂತ ಯೇಸು ಕೇಳಿದ್ದ.

ಈ ಊರು ಹೀಗೆ ಬೆಳೆದದ್ದೇ ಬಾಗಿಲು ತಟ್ಟಿದ ಅಪರಿಚಿತರಿಂದ. ತಿಂಡಿವನಂ ಎಂಬ ಊರಲ್ಲಿ ಒಂದೇ ರಾತ್ರಿ ಮೂವರು ಗಂಡಸರು, ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಬೇರೆ ಜಾತಿಯ ಹಿಂದೂ, ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಹೆಂಡತಿಯರಿಗಾಗಿ ಈಡಾ ಸ್ಕಡರ್ ಎಂಬ ಹುಡುಗಿಯ ಹತ್ತಿರ ಬಂದಿದ್ದರು. ಅವಳು ಡಾಕ್ಟರ್ ಅಲ್ಲ. ಗಂಡಸು ಡಾಕ್ಟರನ್ನು ಅವರು ಒಪ್ಪಲಿಲ್ಲ. ಮೂವರು ಹೆಂಗಸರೂ ತೀರಿಕೊಂಡರು. ಆಕೆ ಅಮೆರಿಕಕ್ಕೆ ಹೋಗಿ ಡಾಕ್ಟರಿಕೆ ಓದಿ ಬಂದು 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಕ್ಲಿನಿಕ್ ತೆರೆದರು. ಅದೇ ಇವತ್ತಿನ ಸಿಎಂಸಿ.

ಹೋಗುವವರಿಗೆ: ಬೆಂಗಳೂರಿನಿಂದ ಲಾಲ್‌ಬಾಗ್, ಬೃಂದಾವನ ಎರಡೂ ರೈಲು ಕಾಟ್ಪಾಡಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ಬಸ್ಸು, ಆಟೋ ಇವೆ. ಚಿಕ್ಕ ಕುಕ್ಕರ್, ಸೊಳ್ಳೆಪರದೆ, ಗುರುತಿನ ಚೀಟಿ ಇಟ್ಟುಕೊಳ್ಳಿ. ರೂಮ್ ಖಾಲಿ ಮಾಡುವಾಗ ಉಳಿದ ಬೇಳೆ, ಅಕ್ಕಿ, ಎಣ್ಣೆಯನ್ನು ಚೆಲ್ಲಬೇಡಿ. ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ರ‍್ಯಾಕ್ ಇದೆ, ಮುಂದೆ ಬರುವವರಿಗಾಗಿ ಎಲ್ಲರೂ ಅಲ್ಲೇ ಇಟ್ಟು ಹೋಗುತ್ತಾರೆ, ನಾವೂ ಮೊದಲ ದಿನ ಅದರಿಂದಲೇ ಸಾರು ಮಾಡಿದ್ದು. ಮುಚ್ಚಳ ಬಿಗಿಯಾಗಿ ಹಾಕಿ, ಇರುವೆ ಬರುತ್ತವೆ.